ಹೆಸರಿಟ್ಟ ಮೇಲೆ ಕರಗಿಹೋದ ಗ್ರಹ: ಫೋಮಲ್‌ಹಾಟ್ ಬಿ ಪ್ರಕರಣ

2015ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಸೌರಮಂಡಲದಾಚೆಯ ಕೆಲವು ಗ್ರಹಗಳಿಗೆ ಹೆಸರಿಟ್ಟಿತು. ಜನರಿಂದ ಮತ ಹಾಕಿಸಿ ಆರಿಸಿದ ಹೆಸರುಗಳು. ಅದರಲ್ಲೊಂದು ಡೇಗನ್. ಪಶ್ಚಿಮ ಏಷ್ಯಾದ ಹಳೆಯ ದೇವರೊಬ್ಬನ ಹೆಸರದು. ಅರ್ಧ ಮನುಷ್ಯ, ಅರ್ಧ ಮೀನು ಎಂದು ಅವನನ್ನು ಚಿತ್ರಿಸುವುದುಂಟು. ಅದುವರೆಗೆ ಫೋಮಲ್‌ಹಾಟ್ ಬಿ ಎನಿಸಿಕೊಂಡಿದ್ದ ಆ ಗ್ರಹದ ನಕ್ಷತ್ರ ಫೋಮಲ್‌ಹಾಟ್ ಇರುವುದು ದಕ್ಷಿಣ ಮೀನ ಪುಂಜದಲ್ಲಿ. ಫೋಮಲ್‌ಹಾಟ್ ಎಂದರೇ ಅರಬ್ಬಿಯಲ್ಲಿ ಮೀನಿನ ಬಾಯಿ. ಹೆಸರು ಎಲ್ಲ ರೀತಿಯಿಂದಲೂ ಒಪ್ಪುವಂತಿತ್ತು. ಆದರೆ ಹೆಸರು ಬೀಳುವ ಹೊತ್ತಿಗಾಗಲೇ, ಗ್ರಹವೆಂದುಕೊಂಡಿದ್ದ ಆ ಚುಕ್ಕೆ ಆಕಾಶದಿಂದ ಮಾಯವಾಗಿತ್ತು. 2014ರಲ್ಲಿ ಹಬಲ್ ಬಾಹ್ಯಾಕಾಶ ದೂರದರ್ಶಕ ತೆಗೆದ ಚಿತ್ರಗಳಲ್ಲಿ ಅದಿರಬೇಕಾದ ಜಾಗ ಖಾಲಿ ಬಿದ್ದಿತ್ತು. ಆ ಖಾಲಿತನದ ಅರ್ಥ ಲೋಕಕ್ಕೆ ತಿಳಿಯಲು 2020 ಬರಬೇಕಾಯಿತು.

ಈ ಚುಕ್ಕೆಯ ಸುದ್ದಿಯನ್ನು ನಾನು ಮೊದಲಿನಿಂದಲೂ ಓದುತ್ತ ಬಂದಿದ್ದೇನೆ. 2008ರಲ್ಲಿ ಪತ್ರಿಕೆಯಲ್ಲಿ ಬಂದ ಚಿತ್ರವನ್ನು ಕತ್ತರಿಸಿ ಒಂದು ಪುಸ್ತಕದ ನಡುವೆ ಇಟ್ಟುಕೊಂಡಿದ್ದೆ. ನಟ್ಟನಡುವೆ ಕಪ್ಪು ಮಚ್ಚೆ, ಸುತ್ತಲೂ ಓರೆಯಾಗಿ ಕಾಣುವ ಧೂಳಿನ ಬಳೆ, ಬಲಗಡೆ ಒಂದು ಪುಟ್ಟ ಚೌಕ. ಆ ಚೌಕವನ್ನು ಹಿಗ್ಗಿಸಿ ಮೂಲೆಯಲ್ಲಿ ತೋರಿಸಿದ್ದರು: ಅದರೊಳಗೆ ಎರಡು ಮಸುಕು ಚುಕ್ಕೆ, ಒಂದರ ಪಕ್ಕ 2004, ಇನ್ನೊಂದರ ಪಕ್ಕ 2006. ಬೇರೊಂದು ಸೂರ್ಯನ ಸುತ್ತ ಗ್ರಹವೊಂದು ನಡೆದುಹೋಗುವುದನ್ನು ಮನುಷ್ಯರು ಕಣ್ಣಾರೆ ಕಂಡಿದ್ದಾರೆ ಎಂಬುದು ಅಂದು ನನಗಾದ ರೋಮಾಂಚನ. ಇವತ್ತಿಗೆ ಅದು ಗ್ರಹವಲ್ಲ ಎಂದು ಗೊತ್ತಾಗಿದೆ. ಆದರೂ ಆ ಚಿತ್ರವನ್ನು ನಾನು ಎಸೆದಿಲ್ಲ. ಪರನಕ್ಷತ್ರದ ಗ್ರಹವನ್ನು ನೇರವಾಗಿ ನೋಡಲು ಹೊರಟವರ ಕೈಯಲ್ಲಿ ಏನೇನು ಇರಬೇಕು ಎಂಬುದನ್ನು ಈ ಒಂದು ಚುಕ್ಕೆ ಕಲಿಸಿದಷ್ಟು ಇನ್ಯಾವುದೂ ಕಲಿಸಿಲ್ಲ ಎಂಬುದು ನನ್ನ ನಂಬಿಕೆ. ಹಾಗಾಗಿ ಇಡೀ ಪ್ರಕರಣವನ್ನು ಮೊದಲಿನಿಂದ ಬಿಡಿಸಿ ಬರೆಯುತ್ತಿದ್ದೇನೆ.

ನಕ್ಷತ್ರ ಮತ್ತು ಅದರ ಬಳೆ

ಫೋಮಲ್‌ಹಾಟನ್ನು ಕರ್ನಾಟಕದಿಂದ ನೋಡುವುದು ಕಷ್ಟವೇನಲ್ಲ. ದೀಪಾವಳಿಯ ಆಸುಪಾಸಿನಲ್ಲಿ ರಾತ್ರಿ ಎಂಟು ಗಂಟೆಗೆ ತಾರಸಿ ಹತ್ತಿ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ, ದಿಗಂತಕ್ಕೂ ನೆತ್ತಿಗೂ ಸರಿಸುಮಾರು ನಡುವೆ ಒಂಟಿಯಾಗಿ ಹೊಳೆಯುವ ಬಿಳಿ ನಕ್ಷತ್ರ ಅದೇ. ಆಕಾಶದ ಆ ಭಾಗದಲ್ಲಿ ಅದಕ್ಕೆ ಸಾಟಿಯಾದ ಇನ್ನೊಂದು ನಕ್ಷತ್ರವಿಲ್ಲದ್ದರಿಂದ ಗುರುತು ತಪ್ಪುವುದಿಲ್ಲ. ನಮ್ಮಿಂದ 25 ಜ್ಯೋತಿರ್ವರ್ಷ ದೂರ. ತೂಕದಲ್ಲಿ ಸೂರ್ಯನ ಸುಮಾರು ಎರಡರಷ್ಟು, ಬೆಳಕಿನಲ್ಲಿ ಸುಮಾರು 16 ಪಟ್ಟು. ಸೂರ್ಯನಿಗೆ 460 ಕೋಟಿ ವರ್ಷವಾದರೆ ಇದಕ್ಕೆ 44 ಕೋಟಿ ವರ್ಷದಷ್ಟೇ ವಯಸ್ಸು. ಗ್ರಹಗಳು ಹುಟ್ಟಿ ಮುಗಿದು, ಮಿಕ್ಕ ಕಲ್ಲುಮಣ್ಣು ಇನ್ನೂ ಹರಡಿಕೊಂಡಿರುವ ಮನೆ ಅದು.

ಅಲ್ಲಿ ಧೂಳಿದೆ ಎಂಬುದು 1983ರಲ್ಲೇ ಗೊತ್ತಾಗಿತ್ತು. ಆ ವರ್ಷ ಹಾರಿದ ಐರಾಸ್ ಎಂಬ, ಕಣ್ಣಿಗೆ ಕಾಣದ ಶಾಖದ ಕಿರಣಗಳನ್ನು ನೋಡುವ ಅವಗೆಂಪು ಉಪಗ್ರಹ, ವೇಗಾ, ಫೋಮಲ್‌ಹಾಟ್ ಮೊದಲಾದ ಕೆಲವು ನಕ್ಷತ್ರಗಳಿಂದ ಬರಬೇಕಾದ್ದಕ್ಕಿಂತ ಹೆಚ್ಚು ಶಾಖ ಬರುತ್ತಿರುವುದನ್ನು ಕಂಡಿತ್ತು. ನಕ್ಷತ್ರದ ಸುತ್ತ ಧೂಳಿದ್ದು, ಅದು ಬೆಚ್ಚಗಾಗಿ ಶಾಖ ಉಗುಳುತ್ತಿದ್ದರೆ ಮಾತ್ರ ಹಾಗಾಗಲು ಸಾಧ್ಯ. ಆದರೆ ಆ ಧೂಳು ಯಾವ ಆಕಾರದಲ್ಲಿದೆ ಎಂದು ಸ್ಪಷ್ಟವಾಗಿ ನೋಡಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. 2004ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯ ಪಾಲ್ ಕಲಾಸ್, ಜೇಮ್ಸ್ ಗ್ರಹಾಂ, ಮತ್ತು ನಾಸಾದ ಮಾರ್ಕ್ ಕ್ಲಾಂಪಿನ್ ಹಬಲ್‌ನ ಎಸಿಎಸ್ ಎಂಬ ಕ್ಯಾಮೆರಾವನ್ನು ಫೋಮಲ್‌ಹಾಟ್ ಕಡೆ ತಿರುಗಿಸಿದರು. ಕಂಡದ್ದು ಸೊಗಸಾದ ಒಂದು ಬಳೆ. ಭೂಮಿಗೂ ಸೂರ್ಯನಿಗೂ ಇರುವ ದೂರವನ್ನು ಒಂದು ಖಗೋಳಮಾನ ಎನ್ನುತ್ತೇವೆ. ಈ ಬಳೆ ನಕ್ಷತ್ರದಿಂದ ಸುಮಾರು 140 ಖಗೋಳಮಾನ ದೂರದಲ್ಲಿತ್ತು.

ಬಳೆಯಲ್ಲಿ ಎರಡು ವಿಚಿತ್ರಗಳಿದ್ದವು. ಒಂದು, ಅದರ ಕೇಂದ್ರ ನಕ್ಷತ್ರದ ಮೇಲೆ ಬೀಳುತ್ತಿರಲಿಲ್ಲ. 15 ಖಗೋಳಮಾನ ಪಕ್ಕಕ್ಕೆ ಸರಿದಿತ್ತು. ಎರಡು, ಒಳಗಿನ ಅಂಚು ಚಾಕುವಿನಿಂದ ಕತ್ತರಿಸಿದ ಹಾಗೆ ಚೂಪಾಗಿತ್ತು. ಧೂಳನ್ನು ಅದರ ಪಾಡಿಗೆ ಬಿಟ್ಟರೆ ಅಂಚು ಹಾಗೆ ನಿಲ್ಲುವುದಿಲ್ಲ, ಮೆಲ್ಲಗೆ ಒಳಕ್ಕೆ ಹರಡಿಕೊಳ್ಳುತ್ತದೆ. ಯಾವುದೋ ಗ್ರಹ ಒಳಗಡೆ ಸುತ್ತುತ್ತ, ಗುಡಿಸಿದ ಹಾಗೆ ಅಂಚನ್ನು ಕಾಯ್ದುಕೊಂಡಿದೆ. ಅದರ ಕಕ್ಷೆ ಉದ್ದುದ್ದವಾಗಿರುವುದರಿಂದ ಬಳೆಯೂ ಪಕ್ಕಕ್ಕೆ ಸರಿದಿದೆ. 2005ರಲ್ಲಿ ಈ ತಂಡ ಮುಂದಿಟ್ಟ ವಾದ ಇದು. ಒಳ್ಳೆಯ ವಾದ. ಆದರೆ ಆ ಕ್ಷಣದಿಂದ ಎಲ್ಲರ ಕಣ್ಣೂ ಬಳೆಯ ಒಳ ಅಂಚಿನಲ್ಲಿ ಗ್ರಹವನ್ನು ಹುಡುಕತೊಡಗಿತು ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಬೆಳಕನ್ನು ಮುಚ್ಚುವ ಕೆಲಸ

ರಾತ್ರಿ ಚಾರ್ಮಾಡಿ ಘಾಟಿಯಲ್ಲಿ ಎದುರಿಂದ ಲಾರಿ ಬಂದಾಗ ಅದರ ಹೆಡ್‌ಲೈಟಿನ ಪಕ್ಕದಲ್ಲೇ ನಡೆದುಹೋಗುವ ಮನುಷ್ಯ ಕಾಣುವುದಿಲ್ಲ. ಅವನ ಮೇಲೆ ಬೆಳಕು ಬೀಳುತ್ತಿಲ್ಲವೆಂದಲ್ಲ. ಲಾರಿಯ ಬೆಳಕು ನಮ್ಮ ಕಣ್ಣನ್ನು ತುಂಬಿಬಿಟ್ಟಿರುತ್ತದೆ. ಕೈ ಅಡ್ಡ ಹಿಡಿದರೆ ತುಸು ಕಾಣುತ್ತದೆ. 1930ರ ಸುಮಾರಿಗೆ ಫ್ರಾನ್ಸಿನ ಬರ್ನಾರ್ ಲಿಯೊ ದೂರದರ್ಶಕದೊಳಗೆ ಮಾಡಿದ್ದು ಇದನ್ನೇ. ಗ್ರಹಣವಿಲ್ಲದ ದಿನವೂ ಸೂರ್ಯನ ಹೊರವಲಯವಾದ ಕರೋನಾವನ್ನು ನೋಡಬೇಕೆಂದು ಆತ ಪಿರನೀಸ್ ಬೆಟ್ಟದ ಮೇಲಿನ ಪಿಕ್ ದು ಮಿದಿ ವೀಕ್ಷಣಾಲಯದಲ್ಲಿ ಕೂತು ಕರೊನಾಗ್ರಾಫ್ ಕಟ್ಟಿದ. ಸೂರ್ಯನ ಬಿಂಬದ ಮೇಲೆ ಒಂದು ಬಿಲ್ಲೆ ಮುಚ್ಚಿದ. ಅಷ್ಟರಿಂದ ಕೆಲಸ ಮುಗಿಯಲಿಲ್ಲ, ಯಾಕೆಂದರೆ ಬೆಳಕು ಬಿಲ್ಲೆಯ ಅಂಚಿನಲ್ಲಿ, ಮಸೂರದ ಅಂಚಿನಲ್ಲಿ ಬಾಗಿ ಒಳಕ್ಕೆ ನುಸುಳುತ್ತದೆ. ಹಾಗೆ ನುಸುಳಿದ ಬೆಳಕು ಮುಂದೆ ಒಂದು ಕಡೆ ಉಂಗುರವಾಗಿ ಸೇರುತ್ತದೆ ಎಂದು ಲಿಯೊ ಕಂಡುಕೊಂಡ. ಅಲ್ಲಿ ಎರಡನೆಯ ತಡೆ ಇಟ್ಟ. ಅವನ ನಿಜವಾದ ಹೊಳಹು ಆ ಎರಡನೆಯ ತಡೆಯಲ್ಲಿದೆ. ಇಂದಿಗೂ ಅದನ್ನು ಲಿಯೊ ತಡೆ ಎಂದೇ ಕರೆಯುತ್ತಾರೆ.

ನಮ್ಮವರಿಗೂ ಈ ಯಂತ್ರ ಹೊಸದಲ್ಲ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣ ಕರೊನಾಗ್ರಾಫೇ. ಅದನ್ನು ಕಟ್ಟಿದವರು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು, ಹೊಸಕೋಟೆಯ ತಮ್ಮ ಕ್ಯಾಂಪಸ್ಸಿನಲ್ಲಿ. ಆದರೆ ಸೂರ್ಯನ ಕರೋನಾ ನೋಡುವುದಕ್ಕೂ ಪರನಕ್ಷತ್ರದ ಗ್ರಹ ನೋಡುವುದಕ್ಕೂ ಬಹಳ ಅಂತರವಿದೆ. ಕರೋನಾದ ಒಳಭಾಗ ಸೂರ್ಯಬಿಂಬದ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ಬೆಳಗುತ್ತದೆ. ಫೋಮಲ್‌ಹಾಟ್ ಪಕ್ಕದಲ್ಲಿ ಕಂಡ ಚುಕ್ಕೆ ಆ ನಕ್ಷತ್ರದ ನೂರು ಕೋಟಿಯಲ್ಲೊಂದು ಪಾಲು. ನಮ್ಮ ಭೂಮಿಯಂಥ ಗ್ರಹ ಸೂರ್ಯನಂಥ ನಕ್ಷತ್ರದ ಪಕ್ಕದಲ್ಲಿದ್ದರೆ ಸಾವಿರ ಕೋಟಿಯಲ್ಲೊಂದು ಪಾಲು.

ಇನ್ನು ಹಬಲ್‌ನ ಒಳಗಿನ ಏರ್ಪಾಡನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 1990ರಲ್ಲಿ ಹಬಲ್ ಮೇಲೆ ಹೋದಾಗ ಅದರ ದೊಡ್ಡ ಕನ್ನಡಿಯ ಆಕಾರದಲ್ಲಿ ದೋಷವಿತ್ತು, ಚಿತ್ರಗಳು ಮಸುಕಾಗಿ ಬರುತ್ತಿದ್ದವು. ಕನ್ನಡಿಯನ್ನು ಬದಲಿಸಲು ಸಾಧ್ಯವಿರಲಿಲ್ಲ. ಅದಕ್ಕೆ ಆಮೇಲೆ ಹೋದ ಪ್ರತಿಯೊಂದು ಕ್ಯಾಮೆರಾದೊಳಗೂ ದೋಷ ತಿದ್ದುವ ಸಣ್ಣ ಕನ್ನಡಿಗಳನ್ನು ಇಟ್ಟರು, ಕಣ್ಣಿಗೆ ಕನ್ನಡಕ ಹಾಕಿದ ಹಾಗೆ. 2002ರಲ್ಲಿ ಹೋದ ಎಸಿಎಸ್ ಕೂಡ ಅಂಥದ್ದೇ. ಅದರಲ್ಲಿ ಅತಿ ಸೂಕ್ಷ್ಮವಾಗಿ ನೋಡುವ ಒಂದು ಭಾಗವಿತ್ತು, ಎಚ್‌ಆರ್‌ಸಿ ಎಂದು. ಕರೊನಾಗ್ರಾಫ್ ಇದ್ದದ್ದು ಅದರಲ್ಲೇ. ಆದರೆ ನಕ್ಷತ್ರವನ್ನು ಮುಚ್ಚುವ ಬಿಲ್ಲೆ ನಿಂತದ್ದು ಬೆಳಕು ಕನ್ನಡಕಕ್ಕೆ ಸೇರುವ ಮೊದಲಿನ ಜಾಗದಲ್ಲಿ. ಅಂದರೆ ಮಸುಕಾಗಿ ಹರಡಿಕೊಂಡ ನಕ್ಷತ್ರದ ಮೇಲೆ ಬಿಲ್ಲೆ ಮುಚ್ಚಬೇಕಾಗಿತ್ತು. ಎಷ್ಟು ಮುಚ್ಚಿದರೂ ಬೆಳಕು ಸುತ್ತಲೂ ಸೋರುತ್ತಿತ್ತು. ಇಂಥ ಯಂತ್ರದಿಂದ ನೂರು ಕೋಟಿಯಲ್ಲೊಂದು ಪಾಲಿನ ಚುಕ್ಕೆ ಹಿಡಿದರು ಎನ್ನುವುದು ಸಣ್ಣ ಸಾಧನೆಯಲ್ಲ. ಗ್ರಹ ಹೌದೋ ಅಲ್ಲವೋ ಎಂಬ ಪ್ರಶ್ನೆಯನ್ನು ಬದಿಗಿಟ್ಟು ಆ ಕೈಚಳಕಕ್ಕೆ ನಾನು ಈಗಲೂ ತಲೆಬಾಗುತ್ತೇನೆ.

ಸೋರಿದ ಬೆಳಕನ್ನು ನಿಭಾಯಿಸಿದ್ದು ಇನ್ನೊಂದು ಉಪಾಯದಿಂದ. ಸೋರಿಕೆಯ ಕಲೆಗಳು ಹುಟ್ಟುವುದು ದೂರದರ್ಶಕದೊಳಗೇ. ಆದ್ದರಿಂದ ನಕ್ಷತ್ರವನ್ನು ನಡುವೆ ಇಟ್ಟುಕೊಂಡು ಇಡೀ ಹಬಲ್ ಅನ್ನು ಕೆಲವು ಡಿಗ್ರಿ ಹೊರಳಿಸಿದರೆ ಕಲೆಗಳು ಚಿತ್ರದಲ್ಲಿ ಇದ್ದಲ್ಲೇ ಇರುತ್ತವೆ, ಆಕಾಶದಲ್ಲಿ ನಿಜವಾಗಿ ಇರುವುದು ಮಾತ್ರ ತಿರುಗುತ್ತದೆ. ಎರಡು ಚಿತ್ರಗಳನ್ನು ಒಂದರಿಂದೊಂದು ಕಳೆದರೆ ಕಲೆ ಹೋಗಿ ವಸ್ತು ಉಳಿಯುತ್ತದೆ. ವಾತಾವರಣದ ಕಂಪನವಿಲ್ಲದ ಬಾಹ್ಯಾಕಾಶದಲ್ಲಿ ಮಾತ್ರ ಕಲೆಗಳು ಇಷ್ಟು ನಿಶ್ಚಲವಾಗಿ ನಿಲ್ಲುತ್ತವೆ.

2008ರ ನವೆಂಬರ್ 13

2006ರ ಜುಲೈಯಲ್ಲಿ ಕಲಾಸ್ ತಂಡ ಮತ್ತೆ ಅದೇ ನಕ್ಷತ್ರವನ್ನು ಅದೇ ಕ್ಯಾಮೆರಾದಿಂದ ತೆಗೆಯಿತು. ಎರಡು ಬಾರಿಯ ಚಿತ್ರಗಳನ್ನು ಜೋಡಿಸಿದಾಗ, ಬಳೆಯ ಒಳ ಅಂಚಿಗೆ ಅಂಟಿಕೊಂಡಂತೆ ಒಂದು ಚುಕ್ಕೆ, ಎರಡು ವರ್ಷದಲ್ಲಿ ಬೆರಳೆಣಿಕೆಯ ಪಿಕ್ಸೆಲ್‌ಗಳಷ್ಟು ಜರುಗಿತ್ತು. ಜರುಗಿದ್ದು ಮುಖ್ಯ. ಫೋಮಲ್‌ಹಾಟ್ ನಮಗೆ ಹತ್ತಿರವಿರುವುದರಿಂದ ಹಿನ್ನೆಲೆಯ ಆಕಾಶದ ಮೇಲೆ ಅದು ವರ್ಷವರ್ಷಕ್ಕೂ ಸರಿಯುತ್ತಿರುತ್ತದೆ. ಚುಕ್ಕೆ ಹಿಂದೆಲ್ಲೋ ದೂರದಲ್ಲಿರುವ ನಕ್ಷತ್ರವೋ ಗ್ಯಾಲಕ್ಸಿಯೋ ಆಗಿದ್ದರೆ ಅದು ಇದ್ದಲ್ಲೇ ನಿಂತು ಫೋಮಲ್‌ಹಾಟ್ ಮುಂದೆ ಹೋಗಬೇಕಿತ್ತು. ಹಾಗಾಗಲಿಲ್ಲ. ಚುಕ್ಕೆ ನಕ್ಷತ್ರದ ಜೊತೆಗೇ ಸಾಗಿ, ಅದಲ್ಲದೆ, ಸುತ್ತುವ ವಸ್ತುವಿಗೆ ಒಪ್ಪುವಷ್ಟು ಇನ್ನೂ ಸ್ವಲ್ಪ ಸರಿದಿತ್ತು. ಆ ನಕ್ಷತ್ರಕ್ಕೇ ಸೇರಿದ್ದು ಎಂಬುದರಲ್ಲಿ ಅಂದೂ ಅನುಮಾನವಿರಲಿಲ್ಲ, ಇಂದೂ ಇಲ್ಲ.

2008ರ ನವೆಂಬರ್ 13ರಂದು ಪ್ರಕಟಣೆ ಹೊರಬಿತ್ತು. ನಕ್ಷತ್ರದಿಂದ 119 ಖಗೋಳಮಾನ ದೂರ, ಒಂದು ಸುತ್ತಿಗೆ ಸುಮಾರು 872 ವರ್ಷ, ತೂಕ ಹೆಚ್ಚೆಂದರೆ ಗುರುಗ್ರಹದ ಮೂರರಷ್ಟು. ತೂಕದ ಮಿತಿಯನ್ನು ಬಳೆಯಿಂದಲೇ ಕಂಡುಕೊಂಡಿದ್ದರು: ಅದಕ್ಕಿಂತ ಭಾರವಾಗಿದ್ದರೆ ಬಳೆಯನ್ನು ಕದಡಿಬಿಡುತ್ತಿತ್ತು. ಅದೇ ದಿನ ಇನ್ನೊಂದು ತಂಡ ಎಚ್‌ಆರ್ 8799 ಎಂಬ ನಕ್ಷತ್ರದ ಸುತ್ತ ಮೂರು ಗ್ರಹಗಳ ಚಿತ್ರವನ್ನು ಪ್ರಕಟಿಸಿತು. ಅದನ್ನು ತೆಗೆದದ್ದು ಹವಾಯಿಯಲ್ಲಿನ ಕೆಕ್ ಮತ್ತು ಜೆಮಿನಿ ದೂರದರ್ಶಕಗಳಿಂದ, ಅವಗೆಂಪು ಬೆಳಕಿನಲ್ಲಿ. ಪತ್ರಿಕೆಗಳು ಎರಡನ್ನೂ ಒಟ್ಟಿಗೆ ಹಾಕಿದವು. ಒಂದೇ ದಿನ ಹೆಸರು ಮಾಡಿದ ಈ ಎರಡು ಚಿತ್ರಗಳ ಮುಂದಿನ ಗತಿ ಹೇಗೆ ಬೇರೆಯಾಯಿತು ಎಂಬುದರಲ್ಲೇ ಈ ಪ್ರಕರಣದ ತಿರುಳಿದೆ.

ಎಚ್‌ಆರ್ 8799ರ ಗ್ರಹಗಳು ತಮ್ಮದೇ ಶಾಖದಿಂದ ಬೆಳಗುತ್ತವೆ. ಎಳೆಯ ಗ್ರಹಗಳು ಹುಟ್ಟಿದಾಗಿನ ಬಿಸಿಯನ್ನು ಕೋಟ್ಯಂತರ ವರ್ಷ ಹೊರಹಾಕುತ್ತಲೇ ಇರುತ್ತವೆ. ಅವಗೆಂಪಿನಲ್ಲಿ ನೋಡಿದರೆ ಕೆಂಡದಂತೆ ಕಾಣುತ್ತವೆ. ಫೋಮಲ್‌ಹಾಟ್‌ನ ಚುಕ್ಕೆ ಕಂಡದ್ದು ನಮ್ಮ ಕಣ್ಣಿಗೂ ಕಾಣುವ ಬೆಳಕಿನಲ್ಲಿ. ಅವಗೆಂಪಿನಲ್ಲಿ ಹುಡುಕಿದರೆ ಇರಲಿಲ್ಲ. ಇದು ತಂಡಕ್ಕೆ ಗೊತ್ತಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ಗ್ರಹಕ್ಕೆ ಶನಿಗಿರುವಂಥ, ಆದರೆ ಅದಕ್ಕಿಂತ ಎಷ್ಟೋ ವಿಶಾಲವಾದ ಉಂಗುರವಿರಬಹುದು, ನಾವು ನೋಡುತ್ತಿರುವುದು ಆ ಉಂಗುರ ಹಿಂದಿರುಗಿಸುತ್ತಿರುವ ನಕ್ಷತ್ರದ ಬೆಳಕನ್ನು ಎಂದು ವಿವರಿಸಿದರು.

ಆ ವಿವರಣೆಗೆ ಯಾಕೆ ಹೋಗಬೇಕಾಯಿತು ಎಂದು ಯಾರು ಬೇಕಾದರೂ ಕಾಗದದ ಮೇಲೆ ಲೆಕ್ಕ ಹಾಕಬಹುದು. ಗುರುವಿನಷ್ಟು ದೊಡ್ಡ ಗೋಳವನ್ನು 119 ಖಗೋಳಮಾನ ದೂರದಲ್ಲಿಡಿ. ಗೋಳದ ತ್ರಿಜ್ಯ ಸುಮಾರು 71,500 ಕಿ.ಮೀ., ದೂರ ಸುಮಾರು 1,780 ಕೋಟಿ ಕಿ.ಮೀ. ಮೊದಲಿನದನ್ನು ಎರಡನೆಯದರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಗೋಳ ಬೆಳಕಿನ ಅರ್ಧವನ್ನು ಹಿಂದಿರುಗಿಸುತ್ತದೆ ಎಂದು ಎರಡರಿಂದ ಭಾಗಿಸಿ. ಬರುವ ಉತ್ತರ ನಕ್ಷತ್ರದ ಬೆಳಕಿನ ಹತ್ತು ಸಾವಿರ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಕಂಡ ಚುಕ್ಕೆ ಇದರ ಹತ್ತಾರು ಪಟ್ಟು ಹೊಳೆಯುತ್ತಿತ್ತು. ಬರೀ ಗ್ರಹದಿಂದ ಅಷ್ಟು ಬೆಳಕು ಬರಲು ಸಾಧ್ಯವೇ ಇರಲಿಲ್ಲ. ಬೆಳಕು ಕೊಡುತ್ತಿದ್ದದ್ದು ಧೂಳು ಎಂಬುದು ಮೊದಲ ದಿನವೇ ಖಚಿತವಾಗಿತ್ತು. ಆ ಧೂಳಿನ ನಡುವೆ ಗ್ರಹವೊಂದಿದೆ ಎಂಬುದು ಊಹೆ. ಬಳೆಯ ಅಂಚಿನಲ್ಲಿ ಗ್ರಹವಿರಬೇಕು ಎಂಬ ನಿರೀಕ್ಷೆ ಮೊದಲೇ ಇದ್ದುದರಿಂದ ಆ ಊಹೆ ಬಹಳ ಸಹಜವಾಗಿ ಕೂತುಕೊಂಡಿತು.

ಕಣ್ಣು ಮುಚ್ಚಿದ ಕ್ಯಾಮೆರಾ

ಇಲ್ಲೊಂದು ದುರದೃಷ್ಟ ಒದಗಿತ್ತು. ಎರಡನೆಯ ಚಿತ್ರ ತೆಗೆದು ಸುಮಾರು ಆರು ತಿಂಗಳಿಗೆ, 2007ರ ಜನವರಿ ಕೊನೆಯಲ್ಲಿ, ಎಸಿಎಸ್‌ನ ವಿದ್ಯುತ್ ವ್ಯವಸ್ಥೆ ಕೆಟ್ಟುಹೋಯಿತು. 2009ರ ಮೇ ತಿಂಗಳಲ್ಲಿ ಅಟ್ಲಾಂಟಿಸ್ ನೌಕೆಯಲ್ಲಿ ಹೋದ ಗಗನಯಾತ್ರಿಗಳು ರಿಪೇರಿ ಮಾಡಿದಾಗ ಕ್ಯಾಮೆರಾದ ಒಂದು ಭಾಗ ಮರಳಿ ಬಂತು. ಕರೊನಾಗ್ರಾಫ್ ಇದ್ದ ಎಚ್‌ಆರ್‌ಸಿ ಬರಲಿಲ್ಲ. ಅದೇ ಯಾತ್ರೆಯಲ್ಲಿ ಸರಿಮಾಡಿದ ಸ್ಟಿಸ್ ಎಂಬ ಇನ್ನೊಂದು ಉಪಕರಣದಲ್ಲಿ ಬೆಳಕು ಮರೆಮಾಡುವ ಬೆಣೆಯಾಕಾರದ ಪಟ್ಟಿ ಇತ್ತು. 2010ರಿಂದ ಅದರಲ್ಲೇ ನೋಡಬೇಕಾಯಿತು. ಕ್ಯಾಮೆರಾ ಬೇರೆ, ಪಿಕ್ಸೆಲ್ ಬೇರೆ, ಬಣ್ಣಗಳನ್ನು ಬಿಡಿಸಿ ನೋಡುವ ಸೌಕರ್ಯ ಇಲ್ಲ. ಚುಕ್ಕೆ 2006ಕ್ಕಿಂತ ಮಂಕಾಗಿದೆಯೇ, ಹಿಗ್ಗಿದೆಯೇ ಎಂದು ಒಂದೇ ಅಳತೆಗೋಲಿನಿಂದ ಅಳೆಯುವ ಅವಕಾಶ ತಪ್ಪಿಹೋಯಿತು. ಈ ಪ್ರಕರಣ ಹನ್ನೆರಡು ವರ್ಷ ಎಳೆದಾಡಿದ್ದಕ್ಕೆ ಯಾರ ಅವಸರವೂ ಕಾರಣವಲ್ಲ ಎಂದೇ ನಾನು ತಿಳಿದಿದ್ದೇನೆ. ನೋಡುತ್ತಲೇ ಇರಬೇಕಾಗಿದ್ದ ಕಣ್ಣು ನಡುವಿನಲ್ಲಿ ಮುಚ್ಚಿಕೊಂಡಿತು, ಅದೇ ಮುಖ್ಯ ಕಾರಣ.

ಅನುಮಾನ ಒಂದೊಂದಾಗಿ ಬೆಳೆಯಿತು. 2012ರಲ್ಲಿ ಮಾರ್ಕಸ್ ಯಾನ್‌ಸನ್ ತಂಡ ಸ್ಪಿಟ್ಸರ್ ಅವಗೆಂಪು ದೂರದರ್ಶಕದಿಂದ ಹುಡುಕಿ, ಅಲ್ಲಿ ಗುರುವಿನಷ್ಟು ತೂಕದ ಗ್ರಹವಿದ್ದಿದ್ದರೂ ಅದರ ಶಾಖ ಕಾಣಬೇಕಿತ್ತು, ಕಾಣಲಿಲ್ಲ ಎಂದಿತು. ಚುಕ್ಕೆಯೇ ಇಲ್ಲವೇನೋ ಎಂಬ ಮಾತೂ ಕೇಳಿಬಂತು. ಆಗ ಎರಡು ಬೇರೆ ತಂಡಗಳು ಹಬಲ್‌ನ ಹಳೆಯ ಚಿತ್ರಗಳನ್ನೇ ಮೊದಲಿನಿಂದ ಸಂಸ್ಕರಿಸಿ, ಚುಕ್ಕೆ ನಿಜವಾಗಿ ಇದೆ ಎಂದು ಸಾರಿದವು. ಹಬಲ್ ತೆಗೆದ ಚಿತ್ರಗಳು ಕೆಲವು ಕಾಲದ ನಂತರ ಎಲ್ಲರಿಗೂ ತೆರೆದ ಭಂಡಾರಕ್ಕೆ ಸೇರುತ್ತವೆ. ಯಾರು ಬೇಕಾದರೂ ತೆಗೆದು ತಿದ್ದಿ ನೋಡಬಹುದು. ಆ ಭಂಡಾರ ಇಲ್ಲದಿದ್ದರೆ ಈ ವಿಚಾರ ಇತ್ಯರ್ಥವಾಗುತ್ತಿರಲಿಲ್ಲ.

2013ರ ಜನವರಿಯಲ್ಲಿ ಕಲಾಸ್ ಅವರೇ ಹೊಸ ಲೆಕ್ಕ ಮುಂದಿಟ್ಟರು. ಸ್ಟಿಸ್ ಚಿತ್ರಗಳನ್ನು ಸೇರಿಸಿದಾಗ ಚುಕ್ಕೆಯ ದಾರಿ ಬಳೆಗೆ ಸಮಾನಾಂತರವಾಗಿರಲಿಲ್ಲ. ಬಹಳ ಉದ್ದನೆಯ ಕಕ್ಷೆ, ಒಂದು ಸುತ್ತಿಗೆ ಸುಮಾರು 2,000 ವರ್ಷ. ಹಾಗಾದರೆ ಬಳೆಯ ಅಂಚನ್ನು ಚೂಪಾಗಿಟ್ಟವನು ಇವನಲ್ಲ ಎಂದಾಯಿತು. ಗ್ರಹವನ್ನು ಎಲ್ಲಿ ಹುಡುಕಬೇಕೆಂದು ಹೇಳಿದ್ದ ವಾದಕ್ಕೂ ಅಲ್ಲಿ ಸಿಕ್ಕ ಚುಕ್ಕೆಗೂ ಇದ್ದ ನಂಟು ಅವತ್ತೇ ಕಡಿದುಹೋಯಿತು. ಆದರೂ ಗ್ರಹ ಎಂಬ ಹೆಸರು ಉಳಿಯಿತು.

ಧೂಳು

2020ರ ಏಪ್ರಿಲ್‌ನಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಆಂಡ್ರಾಶ್ ಗಾಷ್ಪಾರ್ ಮತ್ತು ಜಾರ್ಜ್ ರೀಕಿ ಹಬಲ್ ಭಂಡಾರದಲ್ಲಿದ್ದ ಎಲ್ಲ ವರ್ಷಗಳ ಚಿತ್ರಗಳನ್ನೂ ಒಟ್ಟಿಗೆ ಇಟ್ಟು ನೋಡಿದ ಫಲಿತಾಂಶ ಬಂತು. ಚುಕ್ಕೆ ವರ್ಷ ಕಳೆದ ಹಾಗೆ ಮಂಕಾಗುತ್ತ ಬಂದಿತ್ತು. ಮಂಕಾಗುತ್ತಲೇ ಹಿಗ್ಗುತ್ತಿತ್ತು. ಅದರ ದಾರಿ ನಕ್ಷತ್ರದ ಹಿಡಿತ ತಪ್ಪಿಸಿಕೊಂಡು ಹೊರಹೋಗುವ ದಾರಿಯಾಗಿತ್ತು. 2014ರ ಹೊತ್ತಿಗೆ ಕಣ್ಣಿಗೆ ಸಿಗದಾಯಿತು. ಗ್ರಹ ಹೀಗೆ ಮಾಡುವುದಿಲ್ಲ.

ಅವರ ಉತ್ತರ: ಸುಮಾರು 200 ಕಿ.ಮೀ. ಅಗಲದ ಎರಡು ಹಿಮಮಿಶ್ರಿತ ಕಾಯಗಳು ಡಿಕ್ಕಿ ಹೊಡೆದು ಪುಡಿಯಾಗಿವೆ. 2004ರಲ್ಲಿ ಕಂಡದ್ದು ಆ ಪುಡಿಯ ಮೋಡ. ಒಂದು ಗುಡ್ಡದಷ್ಟು ಕಲ್ಲು ಇಷ್ಟು ದೂರಕ್ಕೆ ಕಾಣುವುದು ಹೇಗೆ ಎಂದು ಕೇಳುವವರಿಗೆ ರಂಗೋಲಿ ನೆನಪಿಸಬೇಕು. ಮುಷ್ಟಿಯಷ್ಟು ಕಲ್ಲು ಅಂಗಳದ ಮೂಲೆಯಲ್ಲಿ ಬಿದ್ದಿದ್ದರೆ ಬೀದಿಯಲ್ಲಿ ಹೋಗುವವರ ಕಣ್ಣಿಗೆ ಬೀಳುವುದಿಲ್ಲ. ಅದನ್ನೇ ಕುಟ್ಟಿ ಜರಡಿ ಹಿಡಿದು ಅಂಗಳಕ್ಕೆಲ್ಲ ಇಟ್ಟರೆ ದೂರದಿಂದಲೇ ಬೆಳ್ಳಗೆ ಹೊಳೆಯುತ್ತದೆ. ಕಲ್ಲು ಅಷ್ಟೇ, ಬೆಳಕು ಬೀಳುವ ಮೈ ಮಾತ್ರ ಸಾವಿರಾರು ಪಟ್ಟು ಹೆಚ್ಚಾಗಿದೆ. ಫೋಮಲ್‌ಹಾಟ್‌ನ ಪುಡಿಯ ಕಣಗಳು ಇನ್ನೂ ನುಣುಪು, ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು. ಇಷ್ಟು ಹಗುರದ ಕಣಗಳನ್ನು ನಕ್ಷತ್ರದ ಬೆಳಕೇ ತಳ್ಳುತ್ತದೆ. ಸೂರ್ಯನ 16 ಪಟ್ಟು ಬೆಳಗುವ ನಕ್ಷತ್ರದ ತಳ್ಳಾಟದಲ್ಲಿ ಮೋಡ ಹೊರಕ್ಕೆ ಸಾಗಿತು, ಸಾಗುತ್ತ ಚದುರಿತು, ಚದುರಿದಂತೆ ಮಂಕಾಯಿತು. 2020ರ ಹೊತ್ತಿಗೆ ಅದು ಸೂರ್ಯನ ಸುತ್ತ ಭೂಮಿ ಸುತ್ತುವ ಕಕ್ಷೆಗಿಂತಲೂ ಅಗಲವಾಗಿರಬೇಕು ಎಂದು ಅವರ ಲೆಕ್ಕ.

ಉಂಗುರದ ಕಲ್ಪನೆ, ಶಾಖದ ಕೊರತೆ, ವಿಚಿತ್ರ ಕಕ್ಷೆ, ಎಲ್ಲಕ್ಕೂ ಒಂದೇ ಉತ್ತರ ಸಿಕ್ಕಿತು. ಉಳಿದ ಅಡಚಣೆ ಒಂದೇ. ಅಷ್ಟು ದೊಡ್ಡ ಡಿಕ್ಕಿ ಆ ಮಂಡಲದಲ್ಲಿ ಎರಡು ಲಕ್ಷ ವರ್ಷಕ್ಕೊಮ್ಮೆ ನಡೆಯಬಹುದು ಎಂದು ಅಂದಾಜು. ಅಂಥದ್ದು ನಮ್ಮ ಕ್ಯಾಮೆರಾ ತೆರೆದ ಹೊತ್ತಿಗೇ ನಡೆದಿತ್ತೆಂದರೆ ನಂಬಲು ಮನಸ್ಸು ಹಿಂಜರಿಯುತ್ತದೆ.

ಎರಡನೆಯ ಚುಕ್ಕೆ

ನಡುವೆ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಬಂತು. 2022ರಲ್ಲಿ ಅದು ತೆಗೆದು 2023ರಲ್ಲಿ ಪ್ರಕಟವಾದ ಚಿತ್ರದಲ್ಲಿ ಫೋಮಲ್‌ಹಾಟ್ ಸುತ್ತ ಒಂದರೊಳಗೊಂದು ಮೂರು ಪಟ್ಟಿಗಳಿದ್ದವು. ಒಳಗಿನ ಎರಡನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಹೊರಗಿನ ಬಳೆಯಲ್ಲೊಂದು ದೊಡ್ಡ ಧೂಳಿನ ಮೋಡವನ್ನೂ ತಂಡ ಗುರುತಿಸಿತು, ಆದರೆ ಅದು ಹಿನ್ನೆಲೆಯ ಗ್ಯಾಲಕ್ಸಿ ಇರಬಹುದು ಎಂದು ಬೇರೆಯವರು ಬೇಗನೆ ತೋರಿಸಿಕೊಟ್ಟರು. ಹತ್ತು ವರ್ಷ ಹಿಡಿಯುತ್ತಿದ್ದ ವಾದ ಈಗ ತಿಂಗಳುಗಳಲ್ಲಿ ಮುಗಿಯುತ್ತಿತ್ತು.

2023ರ ಸೆಪ್ಟೆಂಬರಿನಲ್ಲಿ ಹಬಲ್‌ನ ಸ್ಟಿಸ್‌ನಿಂದ ಕಲಾಸ್ ಮತ್ತೊಮ್ಮೆ ನೋಡಿದರು. ಹಳೆಯ ಚುಕ್ಕೆ ಇರಲಿಲ್ಲ. ಅದು ಮೊದಲು ಕಂಡಿದ್ದ ಜಾಗದ ಹತ್ತಿರವೇ, ಅದೇ ಬಳೆಯ ಒಳ ಅಂಚಿನಲ್ಲಿ, ಹೊಸದೊಂದು ಚುಕ್ಕೆ ಹೊಳೆಯುತ್ತಿತ್ತು. ಹಿಂದಿನ ಯಾವ ಚಿತ್ರದಲ್ಲೂ ಅದಿರಲಿಲ್ಲ. 2025ರ ಡಿಸೆಂಬರ್ 18ರಂದು ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ ಹಳೆಯದನ್ನು ಸಿಎಸ್1, ಹೊಸದನ್ನು ಸಿಎಸ್2 ಎಂದು ಕರೆದು, ಎರಡೂ ಡಿಕ್ಕಿಯ ಧೂಳು ಎಂದು ತಂಡ ಬರೆಯಿತು. ಡಿಕ್ಕಿ ಹೊಡೆದ ಕಾಯಗಳು ಸುಮಾರು 60 ಕಿ.ಮೀ. ಅಗಲ, ಅಂಥವು ಆ ಮಂಡಲದಲ್ಲಿ 30 ಕೋಟಿಯಷ್ಟಿವೆ ಎಂದು ಅಂದಾಜು. ಲಕ್ಷಾಂತರ ವರ್ಷಕ್ಕೊಮ್ಮೆ ಎಂದುಕೊಂಡದ್ದು ಇಪ್ಪತ್ತು ವರ್ಷದಲ್ಲಿ ಎರಡು ಬಾರಿ, ಅದೂ ಅಕ್ಕಪಕ್ಕದಲ್ಲಿ ನಡೆದಿದೆ. ಯಾಕೆ ಅಲ್ಲೇ ಎಂಬುದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ.

ಈ ಲೇಖನದ ಮೊದಲ ಹೆಸರು ಪಾಲ್ ಕಲಾಸ್ ಅವರದೇ. 2008ರಲ್ಲಿ ಗ್ರಹ ಕಂಡೆವು ಎಂದು ಲೋಕಕ್ಕೆ ತಿಳಿಸಿದವರು, ಅದೇ ನಕ್ಷತ್ರವನ್ನು ಇಪ್ಪತ್ತು ವರ್ಷ ಬಿಡದೆ ನೋಡಿ, ಅದು ಗ್ರಹವಾಗಿರಲಿಲ್ಲ ಎಂಬುದಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿಯನ್ನು ತಾವೇ ತಂದರು. ವಿಜ್ಞಾನದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವ ನಡತೆ ಇದು.

ಮುಂದಿನ ಕ್ಯಾಮೆರಾಗಳ ಮುಂದಿರುವ ಪ್ರಶ್ನೆ

ಕಳೆದುಹೋದ ಗ್ರಹದ ಕಥೆ ಎಂದು ಇದನ್ನು ಬದಿಗಿಡುವಂತಿಲ್ಲ, ಯಾಕೆಂದರೆ ಹೊಸ ದೂರದರ್ಶಕಗಳು ನೋಡಹೊರಟಿರುವುದು ಗ್ರಹಗಳು ಹಿಂದಿರುಗಿಸುವ ನಕ್ಷತ್ರದ ಬೆಳಕನ್ನೇ. ನಾಸಾದ ನ್ಯಾನ್ಸಿ ಗ್ರೇಸ್ ರೋಮನ್ ದೂರದರ್ಶಕದ ಕನ್ನಡಿ ಹಬಲ್‌ನಷ್ಟೇ, 2.4 ಮೀಟರ್. ಅದರ ಕರೊನಾಗ್ರಾಫ್ ಮಾತ್ರ ಬೇರೆ ತಲೆಮಾರಿನದು. ಬೆನ್ನ ಹಿಂದೆ 48 ಸಾಲು, ಸಾಲಿಗೆ 48ರಂತೆ ಎರಡು ಸಾವಿರಕ್ಕೂ ಹೆಚ್ಚು ಪುಟ್ಟ ಒತ್ತುಗೋಲುಗಳಿರುವ ಎರಡು ಕನ್ನಡಿಗಳು ತಮ್ಮ ಮೈಯನ್ನೇ ಕೂದಲೆಳೆಗಿಂತ ಎಷ್ಟೋ ಕಡಿಮೆ ಅಳತೆಯಲ್ಲಿ ಉಬ್ಬಿಸಿ ತಗ್ಗಿಸಿ, ಸೋರುವ ಬೆಳಕನ್ನು ಬೆಳಕಿನಿಂದಲೇ ಅಳಿಸುತ್ತವೆ. ಎಚ್‌ಆರ್‌ಸಿಯ ಕರೊನಾಗ್ರಾಫಿಗೆ ಇಲ್ಲದಿದ್ದ ಕನ್ನಡಕವನ್ನು ಇಲ್ಲಿ ಪ್ರತಿ ಬಾರಿಯೂ ಹೊಸದಾಗಿ ಉಜ್ಜಿ ಕೂರಿಸಿದ ಹಾಗೆ. ಇದು ಪ್ರಯೋಗ. ಇದು ಗೆದ್ದರೆ ಅದರ ಆಚೆಗೆ ಸುಮಾರು ಆರು ಮೀಟರ್ ಕನ್ನಡಿಯ ಹ್ಯಾಬಿಟಬಲ್ ವರ್ಲ್ಡ್ಸ್ ಅಬ್ಸರ್ವೇಟರಿ ಬರಬೇಕು. ಸಾವಿರ ಕೋಟಿಯಲ್ಲೊಂದು ಪಾಲಿನ ಬೆಳಕನ್ನು ಹಿಡಿದು, ಭೂಮಿಯಂಥ 25 ಗ್ರಹಗಳನ್ನಾದರೂ ಪರೀಕ್ಷಿಸಬೇಕು ಎಂಬುದು ಅದರ ಗುರಿ.

ಅಷ್ಟು ಮಂಕಾದ ಬೆಳಕಿಗೆ ಇಳಿದ ಮೇಲೆ ಇಂಥ ಮೋಡಗಳು ಅಡ್ಡ ಬಂದೇ ಬರುತ್ತವೆ. ಒಂದು ಚಿತ್ರದಲ್ಲಿ ಗ್ರಹಕ್ಕೂ ಧೂಳಿನ ಮೋಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಎರಡೂ ಒಂದೊಂದು ಚುಕ್ಕೆ. ನನ್ನ ಅಭಿಪ್ರಾಯದಲ್ಲಿ, ಕನ್ನಡಿ ಎಷ್ಟು ದೊಡ್ಡದು, ತಡೆ ಎಷ್ಟು ಚೊಕ್ಕಟ ಎಂಬುದಕ್ಕಿಂತ ಮೊದಲು ಅದೇ ನಕ್ಷತ್ರಕ್ಕೆ ಎಷ್ಟು ಬಾರಿ ಮರಳಿ ಬರುತ್ತೇವೆ ಎಂಬುದನ್ನು ನಿಗದಿ ಮಾಡಿಕೊಳ್ಳಬೇಕು. ಬೆಳಕನ್ನು ಬಿಡಿಸಿ ರೋಹಿತ ತೆಗೆಯುವ ಸೌಕರ್ಯ ಅದೇ ಉಪಕರಣದಲ್ಲಿರಬೇಕು. ಧೂಳು ನಕ್ಷತ್ರದ ಬೆಳಕನ್ನು ಹೆಚ್ಚುಕಡಿಮೆ ಇದ್ದ ಹಾಗೇ ಹಿಂದಿರುಗಿಸುತ್ತದೆ. ವಾತಾವರಣವಿರುವ ಗ್ರಹ ಅದರಿಂದ ಕೆಲವು ಬಣ್ಣಗಳನ್ನು ನುಂಗಿಕೊಂಡು ಕಳಿಸುತ್ತದೆ. ಶಾಖದ ಸಾಕ್ಷಿ ಸಿಗುವಲ್ಲಿ ಅದನ್ನು ಪಡೆಯಲೇಬೇಕು. ಎಚ್‌ಆರ್ 8799ರ ಗ್ರಹಗಳು ಇವತ್ತಿಗೂ ಅಲುಗದೆ ನಿಂತಿರುವುದು ಅದರಿಂದಲೇ. 2025ರಲ್ಲಿ ವೆಬ್ ಅವುಗಳ ವಾತಾವರಣದಲ್ಲಿ ಕಾರ್ಬನ್ ಡೈಆಕ್ಸೈಡನ್ನೂ ಗುರುತಿಸಿತು. ಅದೇ ವರ್ಷ ಟಿಡಬ್ಲ್ಯೂಎ 7 ಎಂಬ ಎಳೆಯ ನಕ್ಷತ್ರದ ಧೂಳಿನ ಬಳೆಗಳ ನಡುವೆ ವೆಬ್ ಕಂಡ, ಶನಿಯಷ್ಟು ತೂಕದ ಗ್ರಹವೂ ಅವಗೆಂಪು ಶಾಖದಿಂದಲೇ ಸಿಕ್ಕಿದ್ದು.

ಪಾಠ ತಲುಪಿದೆ ಎಂಬುದಕ್ಕೆ ಒಂದು ಗುರುತು ನನಗೆ ಕಂಡಿದೆ. 2024ರ ಆಗಸ್ಟ್‌ನಲ್ಲಿ ವೆಬ್ ನಮ್ಮ ನೆರೆಯ ಆಲ್ಫಾ ಸೆಂಟಾರಿ ಎ ಪಕ್ಕದಲ್ಲಿ ಒಂದು ಚುಕ್ಕೆ ಕಂಡಿತು. 2025ರ ಫೆಬ್ರವರಿ, ಏಪ್ರಿಲ್‌ಗಳಲ್ಲಿ ಮತ್ತೆ ನೋಡಿದಾಗ ಸಿಗಲಿಲ್ಲ. ನಕ್ಷತ್ರದ ತೀರ ಹತ್ತಿರಕ್ಕೆ ಸರಿದು ಮರೆಯಾಗಿರಬಹುದು, ಅನೇಕ ಕಕ್ಷೆಗಳಲ್ಲಿ ಅದು ಸಾಧ್ಯ ಎಂದು ತಂಡ ಲೆಕ್ಕ ಹಾಕಿ ತೋರಿಸಿತು. ಆದರೂ ಗ್ರಹ ಎನ್ನಲಿಲ್ಲ, ಅಭ್ಯರ್ಥಿ ಎಂದಿತು. ಎಲ್ಲೂ ಅದನ್ನು ದಾಟಲಿಲ್ಲ.

ಸಿಎಸ್2 ಈಗಲೂ ಅಲ್ಲಿದೆ. ಮುಂದಿನ ಮೂರು ವರ್ಷ ಅದನ್ನು ನೋಡುತ್ತಿರಲು ಕಲಾಸ್ ತಂಡಕ್ಕೆ ಹಬಲ್‌ನಲ್ಲಿ ಸಮಯ ಸಿಕ್ಕಿದೆ, ವೆಬ್‌ನ ಅವಗೆಂಪು ಕ್ಯಾಮೆರಾದಲ್ಲೂ ಸಿಕ್ಕಿದೆ. ಡಿಕ್ಕಿಯಾದ ಕೆಲವೇ ವರ್ಷಗಳಲ್ಲಿ ಮೋಡ ಉದ್ದವಾಗುತ್ತದೆಯೇ, ಧೂಮಕೇತುವಿನಂತೆ ಬಾಲ ಬಿಡುತ್ತದೆಯೇ, ಕಣಗಳಲ್ಲಿ ಹಿಮವಿದೆಯೇ ಎಂದು ಈ ಬಾರಿ ಮೊದಲಿನಿಂದ ನೋಡಬಹುದು. ಸಿಎಸ್1 ಕಂಡಾಗ ಎಚ್‌ಆರ್‌ಸಿ ಮಾಡಲಾಗದೆ ಬಿಟ್ಟುಹೋದ ಕೆಲಸ ಅದು.